ಸ್ವಂತ ಸಂಗ್ರಹದಿಂದ ಕತ್ತರಿಸಿದ ನಾದ: ಬಿಳಿಕೆರೆ ಸೀಮೆಯ ರಿಂಗ್‌ಟೋನುಗಳ ಪೂರ್ವೇತಿಹಾಸ

ಚರಿತ್ರೆಯ ಆಕರಗಳೆಂದೊಡನೆ ಶಿಲಾಶಾಸನ, ತಾಮ್ರಪಟ, ಕಡತ, ಕೈಫಿಯತ್ತುಗಳು ನಮ್ಮ ಕಣ್ಣ ಮುಂದೆ ನಿಲ್ಲುವುದು ಸಹಜ. ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದಂದಿನಿಂದ ಈ ಸೀಮೆಯ ರಾಜಕೀಯ ಚರಿತ್ರೆಗೆ ಭದ್ರವಾದ ತಳಹದಿ ದೊರೆತಿದೆ. ಆದರೆ ಈ ಸೀಮೆಯ ಜನರು ಏನನ್ನು ಕೇಳಿದರು, ಕೇಳಿದುದರಲ್ಲಿ ಯಾವುದನ್ನು ತಮ್ಮದೆಂದು ಇಟ್ಟುಕೊಂಡರು ಎಂಬ ಪ್ರಶ್ನೆಗೆ ಕಲ್ಲು ಉತ್ತರ ಕೊಡಲಾರದು. ಆ ಪ್ರಶ್ನೆಗೆ ಉತ್ತರವನ್ನು ಅರಸಲು ನಾವು ಆರಿಸಿಕೊಂಡ ವಸ್ತು ಕೆಲವರಿಗೆ ಹಗುರವೆನಿಸಬಹುದು. ತಮ್ಮಲ್ಲಿರುವ ಹಾಡುಗಳಿಂದ ಒಂದು ತುಣುಕನ್ನು ಕತ್ತರಿಸಿ, ಅದನ್ನೇ ತಮ್ಮ ಮೊಬೈಲಿನ ರಿಂಗ್‌ಟೋನಾಗಿ ಇಟ್ಟುಕೊಳ್ಳುವ ರೂಢಿ ಪ್ರಸ್ತುತ ಲೇಖನದ ವಿಷಯ. ಈ ರೂಢಿಯ ಬೇರು ಮೊಬೈಲಿಗಿಂತ ಬಹು ಹಿಂದಿನದು. ಆ ಬೇರಿನ ಕೆಲವು ಕವಲುಗಳು ಮೈಸೂರಿನಲ್ಲಿಯೇ ಇವೆ ಎಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ಬಿಳಿಕೆರೆಯನ್ನು ನಾವು ಕೇಂದ್ರವಾಗಿ ಆರಿಸಿಕೊಂಡುದಕ್ಕೆ ಕಾರಣವುಂಟು. ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಇದೊಂದು ಕವಲುದಾರಿ. ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನಗಳ ಮಾರ್ಗವಾಗಿ ಬೇಲೂರಿಗೆ ಹೋಗುವ 373ನೆಯ ರಾಷ್ಟ್ರೀಯ ಹೆದ್ದಾರಿ ಇಲ್ಲಿಯೇ ಒಡೆಯುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರರು, ಕೃಷ್ಣರಾಜನಗರದ ನಾಲೆಬಯಲಿನ ರೈತರು, ಹುಣಸೂರಿನ ಮೂಲಕ ಬರುವ ಹೆಗ್ಗಡದೇವನಕೋಟೆಯ ಕಡೆಯವರು, 1960ರ ದಶಕದಲ್ಲಿ ಬೈಲಕುಪ್ಪೆಯಲ್ಲಿಯೂ 1972ರಿಂದೀಚೆಗೆ ಗುರುಪುರದಲ್ಲಿಯೂ ನೆಲಸಿದ ಟಿಬೆಟನ್ನರು, ಇವರೆಲ್ಲರೂ ಒಂದಲ್ಲ ಒಂದು ಕಾರಣಕ್ಕೆ ಈ ರಸ್ತೆಯನ್ನು ಹಾಯುತ್ತಾರೆ. ತುಂಬಿದ ಬಸ್ಸಿನಲ್ಲಿ ಯಾರ ಜೇಬಿನಲ್ಲಿಯೋ ಕಂಸಾಳೆಯ ಝಣತ್ಕಾರ ಏಳುತ್ತದೆ. ಹಿಂದಿನ ಆಸನದಲ್ಲಿ ಹಳೆಯ ಚಿತ್ರಗೀತೆಯ ಪಲ್ಲವಿ. ಇನ್ನೊಂದೆಡೆ ಬೌದ್ಧ ಮಂತ್ರಘೋಷ. ಯಾರ ಮೊಬೈಲು ಕರೆಯುತ್ತಿದೆಯೆಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಈ ಸಾಮಾನ್ಯ ಸಂಗತಿಯಲ್ಲಿ ಚರಿತ್ರಕಾರನಿಗೆ ಎರಡು ಪ್ರಶ್ನೆಗಳು ಹುಟ್ಟುತ್ತವೆ. ನಾದದ ತುಣುಕೊಂದು ಮನುಷ್ಯನ ಗುರುತಾಗುವ ಪದ್ಧತಿ ಎಲ್ಲಿಂದ ಬಂದಿತು? ಆ ತುಣುಕನ್ನು ಕತ್ತರಿಸುವ ಅಧಿಕಾರ ಕೇಳುಗನ ಕೈಗೆ ಹೇಗೆ ಬಂದಿತು?

ಮೊದಲನೆಯ ಪ್ರಶ್ನೆಯನ್ನು ಗ್ರಾಮಫೋನಿನಿಂದ ಆರಂಭಿಸಬೇಕು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕನು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ತಟ್ಟೆಗಿಳಿಸಿದನು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಮೂರು ಮೂರೂವರೆ ನಿಮಿಷಗಳಲ್ಲಿ ಹೇಳಿ ಮುಗಿಸಬೇಕಾದ ಕಷ್ಟವನ್ನು ಆಕೆ ಅಸಾಧಾರಣವಾದ ಚಾತುರ್ಯದಿಂದ ನಿರ್ವಹಿಸಿದರು. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲು ಈ ಘೋಷಣೆ ನೆರವಾಗುತ್ತಿತ್ತು. ನಾದದ ತುದಿಗೆ ಕಟ್ಟಿದ ಹೆಸರಿನ ಚೀಟಿಯೆಂದು ಇದನ್ನು ಕರೆಯಬಹುದು. ಈ ಮಹಾಗಾಯಿಕೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಕಾಲವಾದರು. ರಾಗವನ್ನು ಯಂತ್ರದ ಅಳತೆಗೆ ಕತ್ತರಿಸುವ ವಿದ್ಯೆಯನ್ನು ಭಾರತಕ್ಕೆ ಕಲಿಸಿದವರಲ್ಲಿ ಅಗ್ರಗಣ್ಯರಾದ ಆಕೆಯ ಕೊನೆಯ ದಿನಗಳು ನಮ್ಮ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಕಳೆದುವೆಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಅರಿಯರು.

ಆ ಕಾಲದಲ್ಲಿ ಕತ್ತರಿ ಕಂಪನಿಯ ಕೈಯಲ್ಲಿತ್ತು. ಕೊಳ್ಳುವವನು ಕೊಟ್ಟುದನ್ನು ಕೇಳಬೇಕಾಗಿತ್ತು. ಸಂಗ್ರಾಹಕನೇ ತನ್ನ ಅಭಿರುಚಿಗೆ ತಕ್ಕ ಮುದ್ರಿಕೆಯನ್ನು ಮಾಡಿಸುವುದು ಅರಸರಿಗೆ ಮಾತ್ರ ಸಾಧ್ಯವಾಗಿತ್ತೆಂಬುದಕ್ಕೆ ಮೈಸೂರಿನಲ್ಲಿಯೇ ನಿದರ್ಶನವಿದೆ. ಶ್ರೀ ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳ ದೊಡ್ಡ ಸಂಗ್ರಾಹಕರು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ಸಂಗೀತರಚನಕಾರ ನಿಕೊಲಾಯ್ ಮೆಡ್ಟ್‌ನರ್ ಅವರ ಕೃತಿಗಳು ತಟ್ಟೆಗಳಲ್ಲಿ ಸಾಕಷ್ಟು ದೊರೆಯದಿರಲು, 1940ರ ದಶಕದ ಉತ್ತರಾರ್ಧದಲ್ಲಿ ಅವರು ತಮ್ಮ ಹಣದಿಂದ ಸಂಘವೊಂದನ್ನು ಏರ್ಪಡಿಸಿ, ಆ ವೃದ್ಧ ಕಲಾವಿದರಿಂದಲೇ ಕೃತಿಗಳನ್ನು ನುಡಿಸಿ ಮುದ್ರಿಸುವಂತೆ ಮಾಡಿದರು. ಮೆಡ್ಟ್‌ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ್ದಾರೆ. ಸಂಗ್ರಹವೆಂಬುದು ಕೊಂಡು ಪೇರಿಸುವ ಕೆಲಸದಲ್ಲಿ ಮುಗಿಯದೆ, ಬೇಕಾದುದನ್ನು ಆಗಮಾಡಿಸುವ ಕೆಲಸವಾಗಿ ಬೆಳೆದುದನ್ನು ಇಲ್ಲಿ ಕಾಣುತ್ತೇವೆ. ಅರಮನೆಯಲ್ಲಿ ನಡೆದ ಈ ಕಾರ್ಯಕ್ಕೂ ಅಂಗಡಿಯ ಹಲಗೆಯ ಮೇಲೆ ಮೊಬೈಲನ್ನಿಟ್ಟು ‘ಇಷ್ಟು ಮಾತ್ರ ಕತ್ತರಿಸಿ ಹಾಕಿಕೊಡಿ’ ಎನ್ನುವ ಯುವಕನ ಕೋರಿಕೆಗೂ ಇರುವ ಅಂತರ ಹಣದ್ದು; ಆಸೆಯ ಸ್ವರೂಪ ಒಂದೇ ಎಂದು ನಮ್ಮ ಅಭಿಪ್ರಾಯ.

ಗುರುತಿನ ನಾದ ಸಾಮಾನ್ಯ ಜನರ ಕಿವಿಗೆ ಬಿದ್ದುದು ಬಾನುಲಿಯಿಂದ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಪ್ರಸಾರವನ್ನು ಆರಂಭಿಸಿದರು; ‘ಆಕಾಶವಾಣಿ’ ಎಂಬ ಆ ನಿಲಯದ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾಯಿತು. ಅದೇ ದಶಕದಲ್ಲಿ ಮುಂಬಯಿಗೆ ಆಶ್ರಯ ಬಯಸಿ ಬಂದ ವಾಲ್ಟರ್ ಕೌಫ್‌ಮನ್ ರಚಿಸಿದ, ಶಿವರಂಜನಿಯ ಛಾಯೆಯುಳ್ಳ ಸಣ್ಣದೊಂದು ರಾಗಖಂಡವು ಭಾರತದ ಬಾನುಲಿಯ ಬೆಳಗಿನ ಚಿಹ್ನೆಯಾಗಿ ನಿಂತಿತು. ಮಾತೊಂದಿಲ್ಲದೆ, ಕೆಲವೇ ಸ್ವರಗಳಿಂದ ‘ಇದು ಇಂಥದು’ ಎಂದು ತಿಳಿಯುವ ಅಭ್ಯಾಸವನ್ನು ಹಳ್ಳಿಯ ಕಿವಿಗೆ ಕಲಿಸಿದುದು ಈ ಚಿಹ್ನೆಯೇ.

ದೂರವಾಣಿಯಾದರೋ ಬಹುಕಾಲ ಒಂದೇ ದನಿಯಲ್ಲಿ ಕರೆಯಿತು. ಎರಡು ಲೋಹದ ಬಟ್ಟಲುಗಳ ನಡುವೆ ಸಣ್ಣ ಸುತ್ತಿಗೆ ಅಲುಗಾಡುವ ಆ ಗಂಟೆ ಅಮಲ್ದಾರರ ಕಚೇರಿಯಲ್ಲಿಯೂ ಸಾಹುಕಾರರ ಮಂಡಿಯಲ್ಲಿಯೂ ಒಂದೇ ರೀತಿ ಮೊಳಗುತ್ತಿತ್ತು. ಗ್ರಾಮಾಂತರಕ್ಕೆಂದು ಸಿ-ಡಾಟ್ ಸಂಸ್ಥೆ ನಿರ್ಮಿಸಿದ 128 ತಂತಿಗಳ ವಿನಿಮಯ ಕೇಂದ್ರವು ಮೊದಲು ಕಾರ್ಯಾರಂಭ ಮಾಡಿದುದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಹಳ್ಳಿಗಳಿಗೆ ದೂರವಾಣಿ ಬಂದಿತು, ಹಳದಿ ಫಲಕದ ಎಸ್.ಟಿ.ಡಿ. ಅಂಗಡಿಗಳು ಎದ್ದುವು. ಗಂಟೆ ಮಾತ್ರ ಊರಿಗೆಲ್ಲ ಒಂದೇ ಆಗಿತ್ತು, ಏಕೆಂದರೆ ಆ ಯಂತ್ರ ಮನೆಗೋ ಅಂಗಡಿಗೋ ಸೇರಿದುದು. ವ್ಯಕ್ತಿಗೆ ಸೇರಿದ ದೂರವಾಣಿ ಬಂದ ಮೇಲಷ್ಟೇ ವ್ಯಕ್ತಿಗೆ ಸೇರಿದ ನಾದ ಬೇಕಾಯಿತು.

ಇಷ್ಟರಲ್ಲಿ ಎರಡನೆಯ ಪ್ರಶ್ನೆಗೆ ಕ್ಯಾಸೆಟ್ಟು ಉತ್ತರ ಸಿದ್ಧಪಡಿಸುತ್ತಿತ್ತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಸುರುಳಿ ಕರ್ನಾಟಕದಲ್ಲಿ ಮಾಡಿದ ಕ್ರಾಂತಿಯ ಚರಿತ್ರೆಯನ್ನು ಇನ್ನೂ ಪೂರ್ಣವಾಗಿ ಬರೆಯಬೇಕಾಗಿದೆ. 1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ವು ಕನ್ನಡ ಭಾವಗೀತೆಯ ಮೊದಲ ಧ್ವನಿಸುರುಳಿಯಾಗಿ ಬಂದಿತು. ಚಿತ್ರಗೀತೆ, ಹರಿಕಥೆ, ಮಹದೇಶ್ವರನ ಕಥನಗಳು ಸುರುಳಿಗಳಾಗಿ ಜಾತ್ರೆಯ ಅಂಗಡಿಗಳಲ್ಲಿ ಕಡಲೆಪುರಿ, ಬತ್ತಾಸುಗಳ ಪಕ್ಕದಲ್ಲಿ ನೇತಾಡಿದುವು. ಆದರೆ ಕ್ಯಾಸೆಟ್ಟಿನ ಅಸಲು ಮಹತ್ತ್ವವಿದ್ದುದು ಟೇಪ್ ರೆಕಾರ್ಡರಿನ ಕೆಂಪು ಗುಂಡಿಯಲ್ಲಿ. ಅದನ್ನೊತ್ತಿದವನು ಬಾನುಲಿಯ ಹಾಡನ್ನು ಹಿಡಿದಿಟ್ಟನು. ಮನೆಯಂಗಳದಲ್ಲಿ ತಂಬೂರಿ ಮೀಟಿ ಮಂಟೇಸ್ವಾಮಿಯ ಕಥೆ ಹಾಡಿದ ನೀಲಗಾರರ ಕಂಠವನ್ನು ಹಿಡಿದಿಟ್ಟನು. ಸೋಬಾನೆ ಹೇಳುವ ಅಜ್ಜಿಯನ್ನು ಕಾಡಿ ಹಾಡಿಸಿದನು. ಕಂಪನಿಯ ಪಟ್ಟಿಯಲ್ಲಿ ಎಂದೂ ಸೇರದ ಇಂಥ ಮುದ್ರಿಕೆಗಳು ಮನೆಮನೆಯ ಪೆಟ್ಟಿಗೆಗಳಲ್ಲಿ ಕೂಡಿದುವು. ‘ಸ್ವಂತ ಸಂಗ್ರಹ’ ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಈ ಅರ್ಥವೂ ಉಂಟೆಂಬುದನ್ನು ಮರೆಯಲಾಗದು.

ಭಾರತದಲ್ಲಿ ಮೊದಲ ಮೊಬೈಲು ಕರೆ ನಡೆದುದು 1995ರ ಜುಲೈ 31ರಂದು, ಕಲ್ಕತ್ತೆಗೂ ದೆಹಲಿಗೂ ನಡುವೆ. ಗ್ರಾಮಾಂತರಕ್ಕೆ ಅದು ಹರಡಿದುದು 2002ರಲ್ಲಿ ಬಿ.ಎಸ್.ಎನ್.ಎಲ್. ತನ್ನ ಮೊಬೈಲು ಸೇವೆಯನ್ನು ಆರಂಭಿಸಿ, 2003ರಲ್ಲಿ ಒಳಬರುವ ಕರೆಗೆ ಹಣ ತೆರುವ ಪದ್ಧತಿ ನಿಂತ ಮೇಲೆ. ಬಹುಮಂದಿ ಕೇಳಿದ ಮೊದಲ ರಿಂಗ್‌ಟೋನು ನೋಕಿಯ ಕಂಪನಿಯದು. ಅದು ಸ್ಪೇನಿನ ಗಿಟಾರುವಾದಕ ಫ್ರಾನ್ಸಿಸ್ಕೊ ಟಾರ್ರೆಗ 1902ರಲ್ಲಿ ರಚಿಸಿದ ‘ಗ್ರಾನ್ ವಾಲ್ಸ್’ ಎಂಬ ಕೃತಿಯಿಂದ ಕತ್ತರಿಸಿದ ತುಣುಕು. ಗೌಹರ್ ಜಾನ್ ಹಾಡಿದ ವರ್ಷವೂ ಅದೇ. ಇದು ಕೇವಲ ಕಾಕತಾಳೀಯ, ಆದರೂ ನೆನಪಿಟ್ಟುಕೊಳ್ಳಲು ಅನುಕೂಲ. ಆಗಿನ ಯಂತ್ರಗಳು ಒಂದು ಕಾಲಕ್ಕೆ ಒಂದೇ ಸ್ವರವನ್ನು ನುಡಿಸುತ್ತಿದ್ದುವು. 2000ದಲ್ಲಿ ಬಂದ ನೋಕಿಯ 3310ರಲ್ಲಿ ಬಳಕೆದಾರನೇ ಗುಂಡಿಗಳನ್ನೊತ್ತಿ 50 ಸ್ವರಗಳವರೆಗೆ ಹೊಂದಿಸಬಹುದಾಗಿತ್ತು. ಪ್ರತಿ ಸ್ವರಕ್ಕೂ ಹೆಸರು, ಸ್ಥಾಯಿ, ಕಾಲಪ್ರಮಾಣಗಳನ್ನು ಕೊಡಬೇಕು. ಎರಡು ಸ್ವರಗಳ ನಡುವಣ ಜಾರು, ಕಂಪನಗಳಿಗೆ ಅಲ್ಲಿ ಎಡೆಯಿಲ್ಲ. ಗಮಕವಿಲ್ಲದ ತೋಡಿ ತೋಡಿಯಾಗಲಾರದು. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು, ಮೈಸೂರು ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರ ಇಂಗ್ಲಿಷ್ ನೋಟು ಮುಂತಾದ, ಮೆಟ್ಟಿಲು ಮೆಟ್ಟಿಲಾಗಿ ಸಾಗುವ ರಚನೆಗಳಿಗೆ ಮಾತ್ರ ಆ ಪೆಟ್ಟಿಗೆ ಒಗ್ಗುತ್ತಿತ್ತು. ಜನರಿಗೆ ಬೇಕಾದುದು ಸ್ವರದ ಅಸ್ಥಿಪಂಜರವಾಗಿರಲಿಲ್ಲ. ತಮ್ಮ ಕ್ಯಾಸೆಟ್ಟಿನಲ್ಲಿದ್ದ ಆ ಕಂಠವೇ ಬೇಕಾಗಿತ್ತು.

ಎಂ.ಪಿ.3 ನುಡಿಸುವ ಮೊಬೈಲುಗಳೂ ಉಗುರಿನಷ್ಟು ಅಗಲದ ಮೆಮೊರಿ ಕಾರ್ಡೂ ಬಂದು ಆ ಬಯಕೆಯನ್ನು ತೀರಿಸಿದುವು. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ನಾದಕ್ಕೆ 14,11,200 ಬಿಟ್ಟುಗಳು ಬೇಕು. 30 ಸೆಕೆಂಡಿಗೆ ಸುಮಾರು 5.3 ಮೆಗಾಬೈಟು. ಅದೇ ತುಣುಕು 128 ಕಿಲೋಬಿಟ್ಟಿನ ಎಂ.ಪಿ.3 ಆದಾಗ ಅರ್ಧ ಮೆಗಾಬೈಟಿನೊಳಗೆ ಅಡಗುತ್ತದೆ. ಹುಣಸೂರು, ಕೃಷ್ಣರಾಜನಗರದಂಥ ಪೇಟೆಗಳ ಮೊಬೈಲು ಅಂಗಡಿಗಳಲ್ಲಿ ಕರೆನ್ಸಿ ಹಾಕಿಸುವುದರ ಜೊತೆಗೆ ‘ಹಾಡು ಹಾಕಿಸುವುದು’ ಎಂಬುದೂ ಒಂದು ವ್ಯಾಪಾರವಾಯಿತು. ಕ್ಯಾಸೆಟ್ಟಿನಿಂದ ತೆಗೆಯುವ ಕ್ರಮವಂತೂ ಹೆಚ್ಚು ತಾಳ್ಮೆಯದು. ಟೇಪ್ ರೆಕಾರ್ಡರಿನ ಕಿವಿತಂತಿಯ ರಂಧ್ರದಿಂದ ಕಂಪ್ಯೂಟರಿಗೆ ತಂತಿ ಎಳೆದು, ಸುರುಳಿ ಓಡುವಷ್ಟು ಹೊತ್ತೂ ಕಾದು, 2000ದಿಂದ ಉಚಿತವಾಗಿ ದೊರೆಯುತ್ತಿರುವ ಆಡಾಸಿಟಿಯಂಥ ತಂತ್ರಾಂಶದಲ್ಲಿ ನಾದದ ಅಲೆಗಳನ್ನು ಕಣ್ಣಿನಿಂದ ನೋಡಿ, ಬೇಕಾದ ಭಾಗವನ್ನು ಗುರುತಿಸಿ, ಉಳಿದುದನ್ನು ತೆಗೆದುಹಾಕಬೇಕು. ಸುರುಳಿ ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುತ್ತದೆ. ಆ ಲೆಕ್ಕದಲ್ಲಿ 30 ಸೆಕೆಂಡಿನ ರಿಂಗ್‌ಟೋನೆಂದರೆ ಮೂರು ಮೊಳಕ್ಕೆ ತುಸು ಹೆಚ್ಚಾದ ಸುರುಳಿ. ಹೂವಿನಂತೆ ಹಾಡನ್ನೂ ಮೊಳದ ಲೆಕ್ಕದಲ್ಲಿ ಕತ್ತರಿಸಿದಂತಾಯಿತು!

ಎಲ್ಲಿ ಕತ್ತರಿಸಬೇಕೆಂಬುದು ಸಂಗೀತದ ಜ್ಞಾನವನ್ನು ಬೇಡುವ ವಿಷಯ. ಆದಿತಾಳದ ಹಾಡು ನಿಮಿಷಕ್ಕೆ 80 ಎಣಿಕೆಯ ನಡೆಯಲ್ಲಿದ್ದರೆ ಒಂದು ಆವರ್ತನಕ್ಕೆ 6 ಸೆಕೆಂಡು, ಐದು ಆವರ್ತನಗಳಿಗೆ ಸರಿಯಾಗಿ 30. ಆವರ್ತನದ ಗಡಿಯಲ್ಲಿ ಕತ್ತರಿಸಿದ ತುಣುಕು ಮರಳಿ ಮೊದಲಾದಾಗ ತಾಳ ಎಡವುವುದಿಲ್ಲ. ನಡುವೆ ಕತ್ತರಿಸಿದರೆ ಪ್ರತಿ ಸುತ್ತಿನಲ್ಲಿಯೂ ಕುಂಟುತ್ತದೆ. ಎಂ.ಪಿ.3 ತನ್ನ ಆರಂಭದಲ್ಲಿ ತಾನೇ ಒಂದಿಷ್ಟು ಮೌನವನ್ನು ಸೇರಿಸಿಕೊಳ್ಳುವುದರಿಂದ, ಎಷ್ಟೇ ಸರಿಯಾಗಿ ಕತ್ತರಿಸಿದರೂ ಸೂಕ್ಷ್ಮ ಕಿವಿಗೆ ಬೆಸುಗೆಯ ಗುರುತು ತಿಳಿಯುವುದುಂಟು. ಇದಕ್ಕಿಂತ ಮುಖ್ಯವಾದುದು ಆರಂಭದ ಆಯ್ಕೆ. ಜನ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಕರೆಯನ್ನು ಎತ್ತಿಕೊಳ್ಳುತ್ತಾರೆ. ಹಾಗಾಗಿ ಹಾಡಿನ ಮುನ್ನುಡಿಯಾದ ವಾದ್ಯಗೋಷ್ಠಿಯಿಂದ ಆರಂಭಿಸಿದವನಿಗೆ ಪಲ್ಲವಿ ಎಂದೂ ಕೇಳಿಸದು. ಅನುಭವಸ್ಥರು ಪಲ್ಲವಿಯ ಎಡುಪಿನಿಂದಲೇ ತೊಡಗುವರು. ಚರಣದ ಒಂದು ಸಾಲಿನಿಂದ ತೊಡಗುವವರೂ ಉಂಟು. ಅಂಥವರು ಆ ಹಾಡನ್ನು ಬಹಳ ಸಲ ಕೇಳಿದವರೆಂದು ನಿಸ್ಸಂಕೋಚವಾಗಿ ಊಹಿಸಬಹುದು.

ಕತ್ತರಿಸುವವನ ಇಚ್ಛೆಯ ಮೇಲೆ ಮೊಬೈಲಿನ ಪುಟ್ಟ ಧ್ವನಿವರ್ಧಕವೂ ತನ್ನ ಆಜ್ಞೆಯನ್ನು ಹೇರುತ್ತದೆ. ನಾಣ್ಯಕ್ಕಿಂತ ಕಿರಿದಾದ ಅದರ ಪೊರೆ ಕೆಳಗಿನ ಕಂಪನಗಳನ್ನು ಗಾಳಿಗೆ ದಾಟಿಸಲಾರದು. ಮೃದಂಗದ ಎಡಮುಖದ ಗುಂಕಾರ, ಡೊಳ್ಳಿನ ಹೊಟ್ಟೆಯ ದನಿ, ತಂಬೂರಿಯ ಮಂದ್ರ, ಇವು ಕರಗಿಹೋಗುತ್ತವೆ. ಪುರುಷಕಂಠದ ಮೂಲಸ್ವರವೂ ಕ್ಷೀಣಿಸುತ್ತದೆ. ಮೇಲಿನ ಅನುಸ್ವರಗಳಿಂದ ಅದನ್ನು ಕಿವಿ ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಕಂಸಾಳೆಯ ಹಿತ್ತಾಳೆಯ ನಾದ, ಗೊರವರ ಪಿಳ್ಳಂಗೋವಿ, ಗೆಜ್ಜೆ, ತಾಳಗಳು ಮಾತ್ರ ಬಸ್ಸಿನ ಗದ್ದಲವನ್ನು ಸೀಳಿಕೊಂಡು ಬರುತ್ತವೆ. ಮಹದೇಶ್ವರನ ಕಥನದ ತುಣುಕುಗಳು ಈ ರಸ್ತೆಯಲ್ಲಿ ಆಗಾಗ ಕಿವಿಗೆ ಬೀಳಲು ಭಕ್ತಿಯು ಮೊದಲ ಕಾರಣವೆಂಬುದು ನಿರ್ವಿವಾದ. ಆದರೆ ಕಂಸಾಳೆಯ ಲೋಹಗುಣವೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ನೀಲಗಾರರ ತಂಬೂರಿಪದ ಅದೇ ಯಂತ್ರದಲ್ಲಿ ಬಡವಾಗುತ್ತದೆ. ಮುಂದೊಂದು ದಿನ ಕೇವಲ ಈ ತುಣುಕುಗಳನ್ನು ಆಧರಿಸಿ ಇಲ್ಲಿಯ ವಾದ್ಯಗಳ ಜನಪ್ರಿಯತೆಯನ್ನು ಅಳೆಯಹೊರಟ ಸಂಶೋಧಕನು ತಪ್ಪುದಾರಿ ಹಿಡಿದಾನು.

ಕಂಪನಿಗಳು ಈ ಸ್ವಂತ ಕತ್ತರಿಕೆಯನ್ನು ಸುಮ್ಮನೆ ನೋಡುತ್ತ ಕುಳಿತಿರಲಿಲ್ಲ. ಕರೆ ಮಾಡಿದವನ ಕಿವಿಗೆ ಕೇಳಿಸುವ ‘ಕಾಲರ್ ಟ್ಯೂನು’ ಎಂಬುದನ್ನು ಅವು ತಿಂಗಳ ಬಾಡಿಗೆಗೆ ಕೊಟ್ಟುವು. ಆ ಹಾಡು ಇರುವುದು ಕಂಪನಿಯ ಯಂತ್ರಾಗಾರದಲ್ಲಿ. ಬಾಡಿಗೆ ನಿಂತೊಡನೆ ಹಾಡೂ ನಿಲ್ಲುತ್ತದೆ. ಕೇಳದೆಯೇ ಸೇವೆ ಅಂಟಿಸಿ ಹಣ ಮುರಿದುಕೊಂಡರೆಂಬ ದೂರುಗಳು ಹೆಚ್ಚಿ, 2013ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಗ್ರಾಹಕನ ಒಪ್ಪಿಗೆಯನ್ನು ಎರಡು ಸಲ ಪಡೆಯಬೇಕೆಂದು ವಿಧಿಸಬೇಕಾಯಿತು. ಹೊರದೇಶದಲ್ಲಿಯೂ ಇದೇ ಬಗೆ: 2007ರಲ್ಲಿ ಆ್ಯಪಲ್ ಕಂಪನಿ, ತನ್ನಲ್ಲಿಯೇ ಒಮ್ಮೆ ಹಣ ತೆತ್ತು ಕೊಂಡ ಹಾಡನ್ನು ರಿಂಗ್‌ಟೋನಾಗಿಸಲು ಇನ್ನೊಮ್ಮೆ 99 ಸೆಂಟು ಕೇಳಿತು.

ಸ್ವಂತ ಸಂಗ್ರಹದಿಂದ ಕತ್ತರಿಸುವುದು ನ್ಯಾಯಸಮ್ಮತವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣವು ಸಂಶೋಧನೆಯೂ ಸೇರಿದಂತೆ ಖಾಸಗಿ ಉಪಯೋಗಕ್ಕಾಗಿ ಮಾಡುವ ನ್ಯಾಯೋಚಿತ ಬಳಕೆಗೆ ವಿನಾಯಿತಿ ನೀಡುತ್ತದೆ. 2012ರ ತಿದ್ದುಪಡಿಯಿಂದ ಆ ವಿನಾಯಿತಿ ಧ್ವನಿಮುದ್ರಿಕೆಗಳಿಗೂ ವ್ಯಾಪಿಸಿತು. ಅಂಗಡಿಯವನು ಹಣಕ್ಕೆ ತುಂಬಿಕೊಡುವ ವ್ಯಾಪಾರಕ್ಕೆ ಈ ಆಶ್ರಯ ದೊರೆಯುವುದು ಕಷ್ಟ. ಅದೇ ತಿದ್ದುಪಡಿಯು ಕಲಾವಿದನಿಗೆ ತನ್ನ ಪ್ರದರ್ಶನವನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕನ್ನು ಕೊಟ್ಟಿತು. ಜೊತೆಗೆ, ಮಿತವಾದ ಅವಧಿಗೆ ಹೊಂದಿಸಲು ಒಂದು ಭಾಗವನ್ನು ತೆಗೆದುಹಾಕಿದ ಮಾತ್ರಕ್ಕೆ ಅವನ ಕೀರ್ತಿಗೆ ಕುಂದಾಗದೆಂದು ವಿವರಣೆಯನ್ನೂ ಸೇರಿಸಿತು. ಮೂರೂವರೆ ನಿಮಿಷದ ತಟ್ಟೆಯಿಂದ ತೊಡಗಿದ ಕತ್ತರಿಕೆಗೆ 110 ವರ್ಷಗಳ ಮೇಲೆ ಶಾಸನದ ಮುದ್ರೆ ಬಿದ್ದಂತಾಯಿತು.

ಈಚಿನ ವರ್ಷಗಳಲ್ಲಿ ಮೊಬೈಲನ್ನು ಮೌನಕ್ಕೆ ತಿರುಗಿಸಿಡುವವರು ಹೆಚ್ಚುತ್ತಿದ್ದಾರೆ. ಹಾಡನ್ನು ಇಟ್ಟುಕೊಳ್ಳುವ ಅಗತ್ಯವೂ ಕಡಮೆಯಾಗಿ, ಬೇಕೆಂದಾಗ ಅಂತರ್ಜಾಲದಿಂದ ಕೇಳುವ ರೂಢಿ ಬಂದಿದೆ. ಅಚ್ಚಾಗಿ ಮಾರಾಟವಾದ ಸುರುಳಿಗಳ ಬಗ್ಗೆ ನಮಗೆ ಹೆಚ್ಚಿನ ಆತಂಕವಿಲ್ಲ. ಅವುಗಳ ಪ್ರತಿ ಎಲ್ಲಿಯಾದರೂ ಉಳಿದೀತು. ಕೆಂಪು ಗುಂಡಿಯೊತ್ತಿ ಹಿಡಿದ ಮನೆಯ ಮುದ್ರಿಕೆಗಳ ಗತಿ ಬೇರೆ. ಮಳೆಗಾಲದ ತೇವಕ್ಕೆ ಸುರುಳಿಗೆ ಬೂಸಲು ಹಿಡಿಯುತ್ತದೆ, ನುಡಿಸುವ ಯಂತ್ರವೂ ಅದನ್ನು ದುರಸ್ತಿ ಮಾಡುವವರೂ ದುರ್ಲಭರಾಗಿದ್ದಾರೆ. ಹಾಡಿದ ಅಜ್ಜಿ ತೀರಿಕೊಂಡು, ಮೂಲ ಸುರುಳಿ ಗುಜರಿಗೆ ಹೋಗಿ, ಮೊಮ್ಮಗನ ಹಳೆಯ ಮೊಬೈಲಿನ ರಿಂಗ್‌ಟೋನಾಗಿ ಇಪ್ಪತ್ತು ಸೆಕೆಂಡಿನ ಸೋಬಾನೆ ಮಾತ್ರ ಉಳಿಯುವುದು ಅಸಂಭವವಲ್ಲ. ಬ್ಯಾಟರಿ ಉಬ್ಬಿದ ಆ ಮೊಬೈಲೂ ಎಷ್ಟು ದಿನ?

ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯವು ಈ ಸೀಮೆಯ ನೇಗಿಲು, ಬುಟ್ಟಿ, ಮುಖವಾಡ, ವಾದ್ಯಗಳನ್ನು ಕಾಪಾಡಿಕೊಂಡು ಬಂದಿದೆ. ಆ ವಾದ್ಯಗಳ ನಾದವನ್ನೂ ಕೇಳಿದವರ ಆಯ್ಕೆಯನ್ನೂ ಸೇರಿಸಿಕೊಳ್ಳಲು ಹೆಚ್ಚಿನ ವೆಚ್ಚ ಬೇಡ. ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಂದ ಬರುವ ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಮನೆಯ ಪೆಟ್ಟಿಗೆಯಿಂದಲೇ ಕೆಲಸವನ್ನು ತೊಡಗಬಹುದು. ಮೊದಲು ಸುರುಳಿಯ ಎರಡೂ ಮಗ್ಗುಲುಗಳನ್ನು ಕತ್ತರಿಸದೆ ಪೂರ್ಣವಾಗಿ ನಕಲು ಮಾಡಬೇಕು. ಅರವತ್ತು ನಿಮಿಷದ ಸುರುಳಿಗೆ ಅರವತ್ತು ನಿಮಿಷವೇ ಬೇಕು, ಅದರಲ್ಲಿ ಅವಸರ ಸಲ್ಲದು. ಈ ನಕಲನ್ನು ಎಂ.ಪಿ.3 ಆಗಿ ಕುಗ್ಗಿಸದೆ ಇಡಬೇಕು. ಆ ಬಳಿಕ ಮೊಬೈಲಿನಲ್ಲಿರುವ ತುಣುಕನ್ನು ಬೇರೆಯಾಗಿ ಇಟ್ಟು, ಅದರೊಡನೆ ಒಂದು ಚೀಟಿಯಲ್ಲಿ ಹಾಡಿದವರ ಹೆಸರು, ಊರು, ಮುದ್ರಿಸಿದ ವರ್ಷ, ಕತ್ತರಿಸಿದವರು ಯಾರು, ಮೂಲದಲ್ಲಿ ಎಷ್ಟನೆಯ ನಿಮಿಷದ ಎಷ್ಟನೆಯ ಸೆಕೆಂಡಿನಿಂದ ಎಷ್ಟನೆಯದರವರೆಗೆ, ಮತ್ತು ಅಷ್ಟನ್ನೇ ಏಕೆ ಎಂಬುದನ್ನು ಬರೆಯಬೇಕು. ಕೊನೆಯ ಪ್ರಶ್ನೆಯ ಉತ್ತರವನ್ನು ಕತ್ತರಿಸಿದವರ ಮಾತಿನಲ್ಲಿಯೇ ಬರೆದುಕೊಳ್ಳುವುದು ಒಳ್ಳೆಯದು.